ಬಸ್ಸು, ಬಾವಿ, ಬೋಟು, ಬಣ್ಣ: ಇಂಗ್ಲಿಷಿನ ‘ರನ್’ ಪದವನ್ನು ತಿಳಿದು ಬಳಸುವ ಕ್ರಮ

ಕಾರವಾರದ ಬಸ್ ನಿಲ್ದಾಣದಲ್ಲಿ ಪರ ಊರಿನವರೊಬ್ಬರು ‘ಡಸ್ ದಿಸ್ ಬಸ್ ರನ್ ಆನ್ ಸಂಡೇಸ್?’ ಎಂದರೆ ಅವರಿಗೆ ಬೇಕಾದ್ದು ಬಸ್ಸಿನ ವೇಗದ ಮಾತಲ್ಲ, ಭಾನುವಾರ ಈ ಬಸ್ಸು ಇದೆಯೋ ಇಲ್ಲವೋ ಎಂಬ ಉತ್ತರ. ಗೋಕರ್ಣದ ಹೋಂಸ್ಟೇಯಲ್ಲಿ ಅತಿಥಿ ‘ದ ಟ್ಯಾಪ್ ಈಸ್ ರನ್ನಿಂಗ್’ ಎಂದರೆ ನಲ್ಲಿ ತೆರೆದೇ ಇದೆ, ನೀರು ಹೋಗುತ್ತಿದೆ ಎಂದು. ಅದೇ ಅತಿಥಿ ‘ವಿ ಹ್ಯಾವ್ ರನ್ ಔಟ್ ಆಫ್ ವಾಟರ್’ ಎಂದರೆ ಹನಿ ನೀರೂ ಇಲ್ಲ ಎಂದು. ಎರಡರಲ್ಲೂ ಇರುವುದು ‘ರನ್’. ಮೊದಲನೆಯದಕ್ಕೆ ನಲ್ಲಿ ತಿರುಗಿಸಬೇಕು, ಎರಡನೆಯದಕ್ಕೆ ಪಂಪು ಹಾಕಬೇಕು. ಅರ್ಥ ತಪ್ಪಿದರೆ ಕೆಲಸವೂ ತಪ್ಪುತ್ತದೆ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಹೊಸ ಪರಿಷ್ಕರಣೆಯಲ್ಲಿ ‘ರನ್’ ಎಂಬ ಕ್ರಿಯಾಪದವೊಂದಕ್ಕೇ 645 ಅರ್ಥಗಳನ್ನು ಗುರುತಿಸಿದ್ದಾರೆ. ಸಂಪಾದಕ ಪೀಟರ್ ಗಿಲಿವರ್ ಇದೊಂದೇ ಪದಕ್ಕೆ ಒಂಬತ್ತು ತಿಂಗಳು ದುಡಿದರು. ಸಂಖ್ಯೆ ಕೇಳಿ ಹೆದರಬೇಕಿಲ್ಲ. ನಮ್ಮ ‘ಕಟ್ಟು’ ಪದವನ್ನೇ ನೋಡಿ: ಮನೆ ಕಟ್ಟುತ್ತೇವೆ, ಹಸು ಕಟ್ಟುತ್ತೇವೆ, ಫೀಸು ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಯಕ್ಷಗಾನದಲ್ಲಿ ವೇಷ ಕಟ್ಟುತ್ತಾರೆ, ಮಳೆಗಾಲದಲ್ಲಿ ಮೂಗೂ ಕಟ್ಟುತ್ತದೆ. ಇದನ್ನು ಯಾರೂ ಪಟ್ಟಿ ಮಾಡಿ ಬಾಯಿಪಾಠ ಮಾಡಿದ್ದಿಲ್ಲ. ಪಕ್ಕದ ಪದ ನೋಡಿದೊಡನೆ ಅರ್ಥ ತಾನಾಗಿ ಗೊತ್ತಾಗುತ್ತದೆ. ‘ರನ್’ ಕಲಿಯಲು ಇರುವ ದಾರಿಯೂ ಅದೇ. ಅದರ ಎಡಕ್ಕೆ ಏನಿದೆ, ಬಲಕ್ಕೆ ಏನಿದೆ ಎಂದು ನೋಡುವ ಅಭ್ಯಾಸವಾಗಬೇಕು.

ಮೊದಲು ಬುಡ ತಿಳಿಯಿರಿ

ಶಾಲೆಯಲ್ಲಿ ‘ರನ್ ಅಂದರೆ ಓಡು’ ಎಂದು ಕಲಿಸಿದ್ದು ಸುಳ್ಳಲ್ಲ, ಆದರೆ ಅರ್ಧ. ಈ ಪದದ ಹಳೆಯ ಇಂಗ್ಲಿಷ್ ರೂಪ ‘ರಿನ್ನನ್’. ಅದಕ್ಕೆ ಪ್ರಾಣಿ ಓಡುವುದು, ನೀರು ಹರಿಯುವುದು ಎರಡೂ ಅರ್ಥವಾಗಿತ್ತು. ಎರಡಕ್ಕೂ ಸಮಾನವಾದ್ದು ವೇಗವಲ್ಲ, ತಡೆಯಿಲ್ಲದೆ ಸಾಗುವಿಕೆ. ಅಘನಾಶಿನಿ ಹೊಳೆ ಸಿರಸಿ ಕಡೆಯ ಗಟ್ಟದ ಮೇಲಿಂದ ಇಳಿದು ತದಡಿಯ ಹತ್ತಿರ ಸಮುದ್ರ ಸೇರುತ್ತದಲ್ಲ, ಆ ಸಾಗುವಿಕೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅಂಗಡಿ, ಯಂತ್ರ, ರಸ್ತೆ, ಕರಾರು, ಜ್ವರ ಎಲ್ಲದಕ್ಕೂ ಇಂಗ್ಲಿಷಿನವರು ‘ರನ್’ ಹಚ್ಚಿದ್ದು ಈ ಎಳೆ ಹಿಡಿದೇ.

ಕನ್ನಡದಲ್ಲಿ ಈ ಕೆಲಸವನ್ನು ಮೂರು ಪದಗಳು ಹಂಚಿಕೊಂಡಿವೆ: ಓಡು, ಹರಿ, ನಡೆ. ‘ರನ್’ ಕಂಡಲ್ಲಿ ಈ ಮೂರರಲ್ಲಿ ಯಾವುದು ಕೂರುತ್ತದೆ ಎಂದು ನೋಡಿದರೆ ಅರ್ಧ ತೊಡಕು ಅಲ್ಲೇ ಬಿಡುತ್ತದೆ.

ಹಂತ 1: ಎಡಕ್ಕೆ ನೋಡಿ, ‘ರನ್’ ಆಗುತ್ತಿರುವುದು ಯಾವುದು?

ಮನುಷ್ಯ, ನಾಯಿ, ಕೋಳಿ ಇದ್ದು ಮುಂದೆ ಬೇರೇನೂ ಇಲ್ಲದಿದ್ದರೆ ಓಡು. ಇಲ್ಲಿ ಗೊಂದಲವಿಲ್ಲ.

ನೀರು, ಕಣ್ಣೀರು, ನೆತ್ತರು, ನಲ್ಲಿ, ಮೂಗು ಇದ್ದರೆ ಹರಿ, ಸುರಿ, ಸೋರು. ‘ಹಿಸ್ ನೋಸ್ ಈಸ್ ರನ್ನಿಂಗ್’ ಅಂದರೆ ಮೂಗು ಸೋರುತ್ತಿದೆ. ಬಾಡಿಗೆ ಮನೆಯ ಜಾಹೀರಾತಿನ ‘ರನ್ನಿಂಗ್ ವಾಟರ್’ ಹಿತ್ತಲಲ್ಲಿ ಹರಿಯುವ ಹಳ್ಳವಲ್ಲ. ಕೊಳಾಯಿ ತಿರುಗಿಸಿದರೆ ನೀರು ಬರುವ ವ್ಯವಸ್ಥೆ.

ಬಸ್ಸು, ರೈಲು, ದೋಣಿ ಇದ್ದರೆ ಸಂಚಾರ ಇದೆ ಎಂದು ಅರ್ಥ. ‘ನೋ ಫೆರೀಸ್ ರನ್ ಟುಡೇ’ ಅಂದರೆ ಇಂದು ದಾಟಿಸುವ ದೋಣಿ ಇಲ್ಲ.

ರಸ್ತೆ, ಬೇಲಿ, ತಂತಿ, ಹಳಿ ಇದ್ದರೆ ಹಾದುಹೋಗುವುದು. ‘ಕೊಂಕಣ್ ರೈಲ್ವೇ ರನ್ಸ್ ಫ್ರಮ್ ರೋಹಾ ಟು ತೋಕೂರು’ ಎಂಬಲ್ಲಿ ಹೇಳುತ್ತಿರುವುದು ರೈಲಿನ ಓಟವನ್ನಲ್ಲ, ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನವರೆಗೆ ಹಳಿ ಹಾಸಿದೆ ಎಂಬುದನ್ನು. ಹಳಿ ಇದ್ದಲ್ಲೇ ಇರುತ್ತದೆ, ಆದರೂ ಇಂಗ್ಲಿಷಿನಲ್ಲಿ ಅದು ‘ರನ್’ ಆಗುತ್ತದೆ. ಕನ್ನಡದಲ್ಲೂ ರಸ್ತೆ ‘ಹೋಗುತ್ತದೆ’ ಅನ್ನುತ್ತೇವಲ್ಲ, ಹಾಗೆಯೇ.

ಅವಧಿ ಇರುವ ಸಂಗತಿಗಳು ಬಂದರೆ ಜಾರಿ ಇರುವುದು, ನಡೆಯುವುದು. ಕರಾವಳಿಯಲ್ಲಿ ಇದು ಗೊತ್ತಿರಲೇಬೇಕು. ‘ದ ಫಿಶಿಂಗ್ ಬ್ಯಾನ್ ರನ್ಸ್ ಫ್ರಮ್ 1 ಜೂನ್ ಟು 31 ಜುಲೈ’: ಯಾಂತ್ರಿಕ ಮೀನುಗಾರಿಕೆಯ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, ಎರಡೂ ತುದಿ ಸೇರಿ 61 ದಿನ ಜಾರಿಯಲ್ಲಿರುತ್ತದೆ. ‘ಫ್ರಮ್’ ಮತ್ತು ‘ಟು’ ಜೊತೆಗೆ ದಿನಾಂಕಗಳಿದ್ದರೆ ಅಲ್ಲಿ ‘ರನ್’ ಅವಧಿಯ ಮಾತು, ಅನುಮಾನ ಬೇಡ. ‘ದ ಲೀಸ್ ರನ್ಸ್ ಫಾರ್ ಇಲೆವೆನ್ ಮಂತ್ಸ್’ ಎಂಬ ಬಾಡಿಗೆ ಕರಾರಿಗೂ, ರಾತ್ರಿಯಿಡೀ ನಡೆಯುವ ಆಟಕ್ಕೂ ಇದೇ: ‘ದ ಯಕ್ಷಗಾನ ರ್ಯಾನ್ ಟಿಲ್ ಡಾನ್’, ಬೆಳಗಿನವರೆಗೂ ಆಟ ನಡೆಯಿತು.

ಬಟ್ಟೆ, ಬಣ್ಣ ಇದ್ದರೆ ಬಣ್ಣ ಬಿಡುವುದು. ‘ದಿಸ್ ಕಲರ್ ಮೇ ರನ್’ ಎಂದು ಸೀರೆಯ ಚೀಟಿಯಲ್ಲಿದ್ದರೆ ಬಿಳಿ ಪಂಚೆಯ ಜೊತೆ ನೆನೆಹಾಕಬೇಡಿ.

ಗಡಿಯಾರ ಇದ್ದು ಮುಂದೆ ‘ಫಾಸ್ಟ್’ ಅಥವಾ ‘ಸ್ಲೋ’ ಬಂದರೆ ಕನ್ನಡದಂತೆಯೇ: ‘ದ ಕ್ಲಾಕ್ ರನ್ಸ್ ಟೆನ್ ಮಿನಿಟ್ಸ್ ಫಾಸ್ಟ್’, ಹತ್ತು ನಿಮಿಷ ಮುಂದೆ ಓಡುತ್ತದೆ.

ಹಂತ 2: ಬಲಕ್ಕೆ ನೋಡಿ, ಮುಂದೆ ವಸ್ತು ಇದೆಯೋ?

‘ರನ್’ ಆದಮೇಲೆ ನೇರವಾಗಿ ನಾಮಪದ ಬಂದರೆ ಅರ್ಥ ಹೊರಳುತ್ತದೆ. ‘ಶಿ ರನ್ಸ್’ ಅಂದರೆ ಅವಳು ಓಡುತ್ತಾಳೆ. ‘ಶಿ ರನ್ಸ್ ಅ ಖಾನಾವಳಿ’ ಅಂದರೆ ಅವಳು ಖಾನಾವಳಿ ನಡೆಸುತ್ತಾಳೆ. ಅಂಗಡಿ, ಶಾಲೆ, ಸಂಘ, ತೋಟ, ಕಾರ್ಖಾನೆ ಹೀಗೆ ದಿನದಿನ ನೋಡಿಕೊಳ್ಳಬೇಕಾದ್ದು ಏನೇ ಇರಲಿ, ‘ರನ್’ ಎಂದರೆ ನಡೆಸು.

ಇಲ್ಲೇ ನಮ್ಮವರು ಅತಿ ಹೆಚ್ಚು ಜಾರುವುದು. ಕನ್ನಡದಲ್ಲಿ ಬಸ್ಸು ಓಡಿಸುವವನು ಚಾಲಕ. ಅದನ್ನೇ ಹಿಡಿದು ‘ಐ ರನ್ ಅ ಬಸ್’ ಎಂದರೆ ಕೇಳಿದವರು ನಿಮ್ಮನ್ನು ಬಸ್ಸಿನ ಮಾಲೀಕ ಎಂದುಕೊಳ್ಳುತ್ತಾರೆ. ಚಾಲಕನಾದರೆ ‘ಐ ಡ್ರೈವ್ ಅ ಬಸ್’. ಸ್ಕೂಟರ್, ಬೈಕು, ಸೈಕಲ್ಲಿಗೆ ‘ರೈಡ್’. ದೋಣಿಗೆ ಹುಟ್ಟು ಹಾಕುವುದಾದರೆ ‘ರೋ’. ಗಾಡಿ ‘ಓಡಿಸು’ ಎಂಬುದಕ್ಕೆ ‘ರನ್’ ಬಳಸಲೇಬೇಡಿ. ಈ ಒಂದು ನಿಯಮಕ್ಕೆ ಅಪವಾದ ಹುಡುಕುತ್ತ ಕೂರುವುದೂ ಬೇಡ.

ನಾಮಪದದ ಜೊತೆ ಕಟ್ಟಿಕೊಂಡ ಇನ್ನು ಕೆಲವು ಬಳಕೆಗಳನ್ನು ಇಡಿಯಾಗಿಯೇ ಕಲಿಯಬೇಕು. ‘ರನ್ ಅ ಟೆಂಪರೇಚರ್’ ಅಥವಾ ‘ರನ್ ಅ ಫೀವರ್’ ಅಂದರೆ ಜ್ವರ ಇರುವುದು. ಆಸ್ಪತ್ರೆಯಲ್ಲಿ ‘ಶಿ ಹ್ಯಾಸ್ ಬೀನ್ ರನ್ನಿಂಗ್ ಅ ಫೀವರ್ ಫಾರ್ ತ್ರೀ ಡೇಸ್’ ಎಂದರೆ ಮೂರು ದಿನದಿಂದ ಜ್ವರ ಎಂದು ಸರಿಯಾಗಿ ತಲುಪುತ್ತದೆ. ‘ರನ್ ಅ ರಿಸ್ಕ್’ ಅಂದರೆ ಅಪಾಯಕ್ಕೆ ಒಡ್ಡಿಕೊಳ್ಳುವುದು. ‘ರನ್ ಆ್ಯನ್ ಎರಂಡ್’ ಅಂದರೆ ಪೇಟೆಗೆ ಹೋಗಿ ಬರುವಂಥ ಸಣ್ಣ ಕೆಲಸ ಮಾಡಿಕೊಂಡು ಬರುವುದು. ‘ರನ್ ಅ ಬಾತ್’ ಅಂದರೆ ಸ್ನಾನಕ್ಕೆ ತೊಟ್ಟಿ ತುಂಬಿಸುವುದು. ಕಂಪ್ಯೂಟರಿನಲ್ಲಿ ‘ರನ್ ದ ಪ್ರೋಗ್ರಾಮ್’ ಅಂದರೆ ಚಾಲೂ ಮಾಡುವುದು.

ಹಂತ 3: ಬೆನ್ನಿಗಿರುವ ಚಿಕ್ಕ ಪದ ಬಿಡಬೇಡಿ

ಔಟ್, ಇಂಟು, ಓವರ್, ಡೌನ್, ಅಪ್, ಆಫ್ ಇಂಥ ಚಿಕ್ಕ ಪದಗಳು ‘ರನ್’ ಅರ್ಥವನ್ನು ಪೂರಾ ಬದಲಿಸುತ್ತವೆ. ಓದುವಾಗ ಕಣ್ಣು ಇವನ್ನು ಹಾರಿಸಿ ಹೋಗುತ್ತದೆ, ತಪ್ಪು ಆಗುವುದು ಅಲ್ಲೇ. ಪೆನ್ಸಿಲಿನಲ್ಲಿ ‘ರನ್’ ಮತ್ತು ಅದರ ಬೆನ್ನಿನ ಪದ ಎರಡನ್ನೂ ಸೇರಿಸಿ ಒಂದೇ ಸುತ್ತು ಹಾಕುವ ರೂಢಿ ಮಾಡಿಕೊಳ್ಳಿ.

‘ರನ್ ಔಟ್’ ಅಂದರೆ ಮುಗಿಯುವುದು, ತೀರುವುದು. ಇದಕ್ಕೆ ಎರಡು ಕಟ್ಟುಗಳಿವೆ. ತೀರಿದ ವಸ್ತುವನ್ನು ಮೊದಲಿಟ್ಟರೆ ‘ಆಫ್’ (ಒಂದೇ ‘ಎಫ್’ ಇರುವುದು) ಬೇಡ: ‘ದ ಗ್ಯಾಸ್ ರ್ಯಾನ್ ಔಟ್’. ಮನುಷ್ಯರನ್ನು ಮೊದಲಿಟ್ಟರೆ ‘ಆಫ್’ ಬೇಕೇಬೇಕು: ‘ವಿ ರ್ಯಾನ್ ಔಟ್ ಆಫ್ ಗ್ಯಾಸ್’. ‘ವಿ ರ್ಯಾನ್ ಔಟ್ ಗ್ಯಾಸ್’ ಎಂಬುದು ತಪ್ಪು. ನಮಗೆ ಈ ತಪ್ಪು ಬರುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ‘ನಮ್ಮಲ್ಲಿ ಗ್ಯಾಸ್ ಖಾಲಿಯಾಯಿತು’ ಅನ್ನುತ್ತೇವೆ, ಖಾಲಿಯಾಗುವುದು ಗ್ಯಾಸು. ಇಂಗ್ಲಿಷಿನಲ್ಲಿ ಮನುಷ್ಯರೇ ಆ ವಸ್ತುವಿನಿಂದ ಖಾಲಿಯಾಗುತ್ತಾರೆ. ಇನ್ನೂ ಸ್ವಲ್ಪ ಉಳಿದಿದ್ದರೆ ‘ವಿ ಆರ್ ರನ್ನಿಂಗ್ ಲೋ ಆನ್ ಗ್ಯಾಸ್’ ಅಥವಾ ‘ರನ್ನಿಂಗ್ ಶಾರ್ಟ್ ಆಫ್ ಗ್ಯಾಸ್’. ಒಂದಕ್ಕೆ ‘ಆನ್’, ಇನ್ನೊಂದಕ್ಕೆ ‘ಆಫ್’, ಅದಲುಬದಲು ಮಾಡುವಂತಿಲ್ಲ. ಕರೆಂಟು ಹೋದರೆ ಮಾತ್ರ ಇವು ಯಾವುದೂ ಅಲ್ಲ, ‘ದ ಪವರ್ ಈಸ್ ಔಟ್’. ಬೇಸಿಗೆಯಲ್ಲಿ ಬಾವಿ ಬತ್ತಿದರೆ ‘ದ ವೆಲ್ ರ್ಯಾನ್ ಡ್ರೈ’.

ಕ್ರಿಕೆಟ್ಟಿನ ರನ್ ಔಟ್ ಬೇರೆ. ಅಲ್ಲಿ ‘ಹಿ ವಾಸ್ ರನ್ ಔಟ್’ ಎಂದು ‘ವಾಸ್’ ಬರುತ್ತದೆ, ಇಲ್ಲಿ ಬರುವುದಿಲ್ಲ. ಇಷ್ಟು ನೆನಪಿದ್ದರೆ ಬೆರಕೆಯಾಗದು.

‘ರನ್ ಇಂಟು’ ಮುಂದೆ ಏನಿದೆ ಎಂಬುದರ ಮೇಲೆ ನಿಂತಿದೆ. ‘ಐ ರ್ಯಾನ್ ಇಂಟು ಯುವರ್ ಅಂಕಲ್ ಇನ್ ಸಿರ್ಸಿ’ ಅಂದರೆ ಸಿರಸಿ ಪೇಟೆಯಲ್ಲಿ ನಿಮ್ಮ ಮಾವ ಅಚಾನಕ್ಕಾಗಿ ಸಿಕ್ಕಿದ್ದರು. ‘ದ ಜೀಪ್ ರ್ಯಾನ್ ಇಂಟು ಅ ಟ್ರೀ’ ಅಂದರೆ ಜೀಪು ಮರಕ್ಕೆ ಗುದ್ದಿತು. ‘ರನ್ ಇಂಟು ಟ್ರಬಲ್’ ಅಂದರೆ ತೊಂದರೆಗೆ ಸಿಕ್ಕುವುದು. ಯೋಜನೆ ಮಾಡಿ ಭೇಟಿಯಾದರೆ ಇದನ್ನು ಹೇಳಬಾರದು, ಅದು ‘ಮೆಟ್’.

‘ರನ್ ಓವರ್’ ಜೊತೆ ಎಚ್ಚರ. ‘ಅ ಲಾರಿ ರ್ಯಾನ್ ಓವರ್ ದ ಡಾಗ್’ ಅಂದರೆ ಲಾರಿ ನಾಯಿಯ ಮೇಲೆ ಹರಿಯಿತು. ಕನ್ನಡದ ‘ಹರಿ’ ಇಲ್ಲಿ ಅಚ್ಚುಕಟ್ಟಾಗಿ ಹೊಂದುತ್ತದೆ. ಸಭೆ ‘ರ್ಯಾನ್ ಓವರ್’ ಆದರೆ ಹೇಳಿದ ಹೊತ್ತಿಗಿಂತ ಹೆಚ್ಚು ನಡೆಯಿತು ಎಂದಷ್ಟೇ.

‘ರನ್ ಡೌನ್’ ಬ್ಯಾಟರಿಗೆ ಬಂದರೆ ಇಳಿದುಹೋಗಿದೆ, ದೇಹಕ್ಕೆ ಬಂದರೆ ಸುಸ್ತು, ಕಟ್ಟಡಕ್ಕೆ ಬಂದರೆ ಪಾಳು, ಮನುಷ್ಯರ ಮೇಲೆ ಬಂದರೆ ಹೀಗಳೆಯುವುದು. ‘ರನ್ ಅಪ್ ಅ ಬಿಲ್’ ಅಂದರೆ ಸಾಲ, ಬಾಕಿ ಬೆಳೆಸುವುದು. ‘ರನ್ ಥ್ರೂ’ ಅಂದರೆ ಮೊದಲಿಂದ ಕೊನೆಯವರೆಗೆ ಒಮ್ಮೆ ಬೇಗ ನೋಡಿ ಮುಗಿಸುವುದು. ‘ರನ್ ಅವೇ’ ಪರಾರಿ. ‘ರನ್ ಅಗ್ರೌಂಡ್’ ಮುಖ್ಯವಾಗಿ ದೋಣಿಗೆ: ಇಳಿತದ ಹೊತ್ತಿನಲ್ಲಿ ಅಳಿವೆಯ ಮರಳಿಗೆ ಬೋಟು ತಾಗಿ ನಿಂತರೆ ‘ದ ಬೋಟ್ ರ್ಯಾನ್ ಅಗ್ರೌಂಡ್’. ಇದು ‘ಮುಳುಗಿತು’ ಅಲ್ಲ. ದೂರವಾಣಿಯಲ್ಲಿ ಸುದ್ದಿ ಮುಟ್ಟಿಸುವಾಗ ಈ ವ್ಯತ್ಯಾಸ ಬಹಳ ದೊಡ್ಡದು.

‘ರನ್ ಆಫ್’ (ಇಲ್ಲಿ ‘ಎಫ್’ ಎರಡು) ಬಗ್ಗೆ ಅಡಿಕೆ ಬೆಳೆಗಾರರು ಸ್ವಲ್ಪ ನಿಲ್ಲಬೇಕು. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣವನ್ನು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಮಾಡುತ್ತಾರೆ. ಇಂಥ ಔಷಧಿಗಳ ಇಂಗ್ಲಿಷ್ ಸೂಚನೆಯಲ್ಲಿ ‘ಸ್ಪ್ರೇ ಟು ದ ಪಾಯಿಂಟ್ ಆಫ್ ರನ್-ಆಫ್’ ಎಂದು ಬರೆದಿದ್ದರೆ, ಅಡಿಕೆ ಕೊನೆ (ಗೊಂಚಲು) ಪೂರ್ತಿ ತೋಯ್ದು ತುದಿಯಿಂದ ಇನ್ನೇನು ಹನಿ ಇಳಿಯಬೇಕು ಅನ್ನುವಷ್ಟು ಹೊಡೆಯಿರಿ ಎಂದು ಅರ್ಥ. ಅಲ್ಲಿಗೆ ನಿಲ್ಲಿಸಬೇಕು. ಡ್ರಮ್ಮಿನ ಔಷಧಿ ಖಾಲಿಯಾಗುವವರೆಗೆ ಎಂದು ಓದಿಕೊಂಡರೆ ಅದು ‘ರನ್ ಔಟ್’ ಅರ್ಥವನ್ನು ‘ರನ್ ಆಫ್’ಗೆ ಹಚ್ಚಿದಂತೆ; ಹೊಡೆದ ಔಷಧಿ ಬುಡಕ್ಕೆ ಇಳಿದು ವ್ಯರ್ಥವಾಗುತ್ತದೆ. ಮಳೆಯ ವಿಷಯದಲ್ಲಿ ‘ರನ್-ಆಫ್’ ಎಂದರೆ ನೆಲ ಕುಡಿಯದೆ ಮೇಲಿಂದಲೇ ಹರಿದುಹೋಗುವ ನೀರು.

ಹಂತ 4: ರೂಪ ಸರಿಪಡಿಸಿಕೊಳ್ಳಿ

ಮೂರು ರೂಪ: ರನ್, ರ್ಯಾನ್, ರನ್. ನಿನ್ನೆಯ ಮಾತಿಗೆ ‘ರ್ಯಾನ್’. ‘ಹ್ಯಾವ್’, ‘ಹ್ಯಾಸ್’, ‘ಹ್ಯಾಡ್’ ಬಂದರೆ ಮತ್ತೆ ‘ರನ್’. ‘ಹ್ಯಾಸ್ ರ್ಯಾನ್’ ತಪ್ಪು, ‘ಹ್ಯಾಸ್ ರನ್’ ಸರಿ. ‘ರನ್ನಡ್’ ಎಂಬ ರೂಪವೇ ಇಲ್ಲ. ‘ರನ್ನಿಂಗ್’ ಬರೆಯುವಾಗ ‘ಯು’ ಆದಮೇಲೆ ‘ಎನ್’ ಎರಡು ಬಾರಿ ಬರುತ್ತದೆ, ‘ರನ್ನರ್’ ಬರೆಯುವಾಗಲೂ ಅಷ್ಟೇ.

ನಿತ್ಯದ ಸಂಗತಿಗೆ ‘ರನ್ಸ್’, ಈ ಕ್ಷಣದ ಸಂಗತಿಗೆ ‘ಈಸ್ ರನ್ನಿಂಗ್’. ‘ದ ಬಸ್ ರನ್ಸ್ ಎವ್ರಿ ಅವರ್’ ಅಂದರೆ ತಾಸಿಗೊಂದು ಬಸ್ಸಿದೆ. ‘ಓಡ್ತಾ ಇದೆ’ ಎನ್ನುವ ನಮ್ಮ ರೂಢಿಯಿಂದ ಎಲ್ಲದಕ್ಕೂ ‘ಈಸ್ ರನ್ನಿಂಗ್’ ಬರುತ್ತದೆ. ಫಲಕದಲ್ಲಿ, ವೇಳಾಪಟ್ಟಿಯಲ್ಲಿ ಬರೆಯುವಾಗ ‘ರನ್ಸ್’ ಎಂದೇ ಬರೆಯಿರಿ. ತಾತ್ಕಾಲಿಕ ಬದಲಾವಣೆಗೆ ಮಾತ್ರ ‘ಈಸ್ ರನ್ನಿಂಗ್’: ‘ದ ಟ್ರೇನ್ ಈಸ್ ರನ್ನಿಂಗ್ ಫಾರ್ಟಿ ಮಿನಿಟ್ಸ್ ಲೇಟ್’.

ಹಂತ 5: ನಾಮಪದವಾದಾಗ

‘ಅ’ ಅಥವಾ ‘ದ’ ಹಿಂದೆ ಬಂದರೆ ‘ರನ್’ ನಾಮಪದ. ಬೆಳಗ್ಗೆ ಕಡಲ ತೀರದಲ್ಲಿ ಓಡುವುದು ‘ಅ ರನ್’. ಬ್ಯಾಟಿನಿಂದ ಬರುವ ರನ್ನು ಎಲ್ಲರಿಗೂ ಗೊತ್ತು. ‘ಇನ್ ದ ಲಾಂಗ್ ರನ್’ ಅಂದರೆ ದೀರ್ಘಕಾಲದಲ್ಲಿ, ಕೊನೆಗೆ. ‘ಡ್ರೈ ರನ್’ ಅಂದರೆ ನಿಜವಾಗಿ ಶುರುಮಾಡುವ ಮೊದಲಿನ ತಾಲೀಮು. ಇಲ್ಲಿ ನೀರು ಬತ್ತುವ ಮಾತಿಲ್ಲ. ಅಮೆರಿಕದಲ್ಲಿ ತೆಳು ಕಾಲುಚೀಲದ ಎಳೆ ಬಿಟ್ಟುಕೊಂಡರೆ ಅದನ್ನೂ ‘ಅ ರನ್’ ಅನ್ನುತ್ತಾರೆ.

ಔಷಧಿ ಅಂಗಡಿಯವರು ಒಂದನ್ನು ಚೆನ್ನಾಗಿ ನೆನಪಿಡಬೇಕು. ‘ಐ ಹ್ಯಾವ್ ದ ರನ್ಸ್’ ಎಂದರೆ ಭೇದಿಯಾಗುತ್ತಿದೆ. ಪ್ರವಾಸಿಗಳು ಸಂಕೋಚದಿಂದ ಹೀಗೇ ಹೇಳುತ್ತಾರೆ. ‘ದ’ ಮತ್ತು ಕೊನೆಯ ‘ಸ್’ ಎರಡೂ ಇದ್ದರೆ ಓಆರ್‌ಎಸ್ ಪೊಟ್ಟಣ ತೆಗೆಯಿರಿ. ಜ್ವರ ಇದೆಯೋ, ರಕ್ತ ಹೋಗುತ್ತಿದೆಯೋ ಎಂದು ಕೇಳಿ. ಇದ್ದರೆ ವೈದ್ಯರಲ್ಲಿಗೆ ಕಳಿಸಿ.

ಹಂತ 6: ಕನ್ನಡದಿಂದ ಹೊರಟಾಗ

ಇದು ಎಲ್ಲಕ್ಕಿಂತ ಕಷ್ಟದ ಹಂತ, ಏಕೆಂದರೆ ನಮ್ಮ ‘ಓಡು’, ‘ನಡೆ’, ‘ಹರಿ’ಗಳಿಗೂ ಅವುಗಳದೇ ಹರವಿದೆ.

‘ತಲೆ ಓಡ್ತಾ ಇಲ್ಲ’ ಎಂಬುದನ್ನು ‘ಮೈ ಹೆಡ್ ಈಸ್ ನಾಟ್ ರನ್ನಿಂಗ್’ ಎಂದರೆ ಯಾರಿಗೂ ತಿಳಿಯದು. ‘ಐ ಕಾಂಟ್ ಥಿಂಕ್’ ಸಾಕು. ‘ಹೇಗೋ ಜೀವನ ಓಡ್ತದೆ’ ಎನ್ನಲು ‘ವಿ ಆರ್ ಗೆಟಿಂಗ್ ಬೈ’. ಸಿನಿಮಾ ನೂರು ದಿನ ಓಡಿದರೆ ಮಾತ್ರ ‘ದ ಫಿಲ್ಮ್ ರ್ಯಾನ್ ಫಾರ್ ಅ ಹಂಡ್ರೆಡ್ ಡೇಸ್’ ಸರಿಯಾಗಿ ಕೂರುತ್ತದೆ.

ಅಂಗಡಿ ನಡೆಸುವುದು ‘ರನ್’, ಸಭೆ ನಡೆಸುವುದು ‘ಹೋಲ್ಡ್’, ಮದುವೆ ನಡೆಯುವುದು ‘ಟೇಕ್ ಪ್ಲೇಸ್’. ದಿನದಿನವೂ ನಡೆಸಿಕೊಂಡು ಹೋಗಬೇಕಾದ್ದಕ್ಕೆ ‘ರನ್’, ಒಮ್ಮೆ ನಡೆದು ಮುಗಿಯುವುದಕ್ಕೆ ಬೇರೆ ಎಂದು ಇಟ್ಟುಕೊಂಡರೆ ಬಹುಪಾಲು ತಪ್ಪುವುದಿಲ್ಲ. ‘ಅವನಿಗೆ ಹದಿನೆಂಟು ನಡೀತಾ ಇದೆ’ ಎಂಬುದಕ್ಕೆ ‘ಹಿ ಈಸ್ ರನ್ನಿಂಗ್ ಎಯ್ಟೀನ್’ ಎಂದು ನಮ್ಮ ದೇಶದಲ್ಲಿ ಹೇಳುವುದುಂಟು, ಹೊರಗಿನವರಿಗೆ ತಿಳಿಯದು. ಹದಿನೇಳು ತುಂಬಿದ್ದರೆ ‘ಹಿ ಈಸ್ ಸೆವೆಂಟೀನ್’ ಅನ್ನಿ. ಅರ್ಜಿಯಲ್ಲಿ ತುಂಬಿದ ವರ್ಷವನ್ನೇ ಬರೆಯಬೇಕು, ನಡೆಯುತ್ತಿರುವುದನ್ನಲ್ಲ.

ಬಟ್ಟೆ ಹರಿದರೆ ‘ಟೋರ್’. ಹೊಳೆ ಹರಿಯುವುದಕ್ಕೆ ‘ರನ್’, ‘ಫ್ಲೋ’ ಎರಡೂ ಆಗುತ್ತವೆ. ನಮ್ಮ ಆಯ್ಕೆ ‘ಫ್ಲೋ’, ಅದು ನೀರಿನ ಚಲನೆಯನ್ನೇ ಹೇಳುತ್ತದೆ. ಹೊಳೆಯ ದಾರಿಯನ್ನು ಹೇಳಬೇಕಾದಾಗ ‘ರನ್’.

ಒಂದು ಸಂದೇಶ ಬಿಡಿಸೋಣ

ಗೋಕರ್ಣದ ಹೋಂಸ್ಟೇ ನಡೆಸುವವರ ಮೊಬೈಲಿಗೆ ಸಂಜೆ ಹೀಗೊಂದು ಸಂದೇಶ ಬಂತು ಎಂದಿಟ್ಟುಕೊಳ್ಳಿ:

‘ಸಾರಿ, ವಿ ಆರ್ ರನ್ನಿಂಗ್ ಲೇಟ್. ರ್ಯಾನ್ ಇಂಟು ರೋಡ್ ವರ್ಕ್ ನಿಯರ್ ಕುಮ್ಟಾ. ಮೈ ಫೋನ್ ಈಸ್ ರನ್ನಿಂಗ್ ಲೋ. ಮೈ ಸನ್ ಈಸ್ ರನ್ನಿಂಗ್ ಅ ಟೆಂಪರೇಚರ್. ಡು ಯು ಹ್ಯಾವ್ ಹಾಟ್ ರನ್ನಿಂಗ್ ವಾಟರ್?’

ಐದು ಬಾರಿ ‘ರನ್’ ಬಂದಿದೆ. ಯಾರೂ ಓಡುತ್ತಿಲ್ಲ. ಬೆನ್ನಿಗಿರುವ ಪದ ಹಿಡಿಯಿರಿ. ‘ಲೇಟ್’: ತಡವಾಗುತ್ತಿದೆ. ‘ಇಂಟು’ ಮುಂದೆ ರಸ್ತೆ ಕಾಮಗಾರಿ ಇದೆ: ಕುಮಟಾ ಹತ್ತಿರ ಅದಕ್ಕೆ ಸಿಕ್ಕಿಬಿದ್ದರು, ಮುಂದಿರುವುದು ಮರವಲ್ಲ, ವಾಹನವಲ್ಲ, ಆದ್ದರಿಂದ ಅಪಘಾತವೆಂದು ಗಾಬರಿಯಾಗಬೇಡಿ. ‘ಲೋ’: ಫೋನಿನ ಚಾರ್ಜು ಇಳಿಯುತ್ತಿದೆ, ಇನ್ನೂ ಸ್ವಲ್ಪ ಇದೆ, ಉತ್ತರ ಕೊಡುವುದಾದರೆ ಈಗಲೇ ಕೊಡಬೇಕು. ‘ಅ ಟೆಂಪರೇಚರ್’: ಮಗುವಿಗೆ ಜ್ವರ. ಕೊನೆಯದು ನಲ್ಲಿಯಲ್ಲಿ ಬಿಸಿನೀರು ಬರುತ್ತದೆಯೇ ಎಂಬ ಪ್ರಶ್ನೆ. ಹಂಡೆಯಲ್ಲಿ ಕಾಯಿಸಿ ಬಕೆಟ್ಟಿಗೆ ಹಾಕಿಕೊಡುವ ಮನೆಯಾದರೆ ‘ಯಸ್’ ಎನ್ನಬಾರದು.

ಉತ್ತರ ಹೀಗಿರಲಿ: ‘ನೋ ಪ್ರಾಬ್ಲಮ್, ಕಮ್ ಸ್ಲೋಲಿ. ನೋ ಹಾಟ್ ವಾಟರ್ ಇನ್ ದ ಟ್ಯಾಪ್, ಬಟ್ ವಿ ವಿಲ್ ಗಿವ್ ಯು ಹಾಟ್ ವಾಟರ್ ಇನ್ ಬಕೆಟ್ಸ್. ದೇರ್ ಈಸ್ ಅ ಡಾಕ್ಟರ್ ನಿಯರ್‌ಬೈ.’ ಇದರಲ್ಲಿ ಒಂದೂ ‘ರನ್’ ಇಲ್ಲ, ಬೇಕಾಗಿಯೂ ಇಲ್ಲ. ಕೊನೆಯ ವಾಕ್ಯವನ್ನು ಮಾತ್ರ ಹತ್ತಿರದಲ್ಲಿ ವೈದ್ಯರು ಸಿಗುತ್ತಾರೆ ಎಂದು ವಿಚಾರಿಸಿಕೊಂಡ ಮೇಲೆ ಬರೆಯಿರಿ.